ಭುಜದ ರೊಟೇಟರ್ ಕಫ್ ಹರಿದಿದೆ ಅಂದರೆ: ವ್ಯಾಯಾಮವೋ, ಇಂಜೆಕ್ಷನ್ನೋ, ಆಪರೇಷನ್ನೋ?

ಕಳೆದ ವರ್ಷ ಮಳೆ ಹಿಡಿಯುವ ಮುಂಚೆ ಅಡಿಕೆಗೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯಲು ಆಳು ಸಿಗಲಿಲ್ಲ. ಔಷಧಿ ಹೊಡೆಯುವ ಉದ್ದ ಕೋಲು, ಫೈಬರ್ ದೋಟಿ, ನಾನೇ ಹಿಡಿದೆ. ನಾಲ್ಕು ದಿನ ಕತ್ತು ಮೇಲೆ ಮಾಡಿಕೊಂಡು, ಮರದ ತುದಿಯ ಗೊನೆಗೆ ಗುರಿ ಇಟ್ಟು, ಕೈ ಕೆಳಗಿಳಿಸದೆ ಹೊಡೆದದ್ದೇ ಹೊಡೆದದ್ದು. ಐದನೇ ದಿನ ಬೆಳಿಗ್ಗೆ ಶರ್ಟು ಹಾಕಲು ಹೋದರೆ ಬಲಗೈ ತೋಳಿನೊಳಗೆ ಹೋಗಲೇ ಇಲ್ಲ.

ಅದೇ ಮಳೆಗಾಲದಲ್ಲಿ ಪಕ್ಕದ ತೋಟದವರು ಪಾಚಿ ಕಟ್ಟಿದ ಕಾಲುಸಂಕದ ಮೇಲೆ ಜಾರಿ, ಕೈ ಊರಿ ಬಿದ್ದರು. ಮನೆಯಲ್ಲಿ ಎಪ್ಪತ್ತನಾಲ್ಕು ವರ್ಷದ ಅಮ್ಮ ಬೇರೆ. ಅವರ ಎಡಗೈ ತಲೆವರೆಗೆ ಹೋಗದೆ ಎಷ್ಟೋ ವರ್ಷ ಆಗಿತ್ತು, ನಾವ್ಯಾರೂ ಗಮನಿಸಿರಲಿಲ್ಲ ಅಷ್ಟೇ. ಮೂರೂ ಭುಜಗಳ ಸ್ಕ್ಯಾನ್ ರಿಪೋರ್ಟಿನಲ್ಲಿ ಬರೆದದ್ದು ಹೆಚ್ಚುಕಮ್ಮಿ ಒಂದೇ: ಸುಪ್ರಾಸ್ಪೈನೇಟಸ್ ಟೇರ್, ಅಂದರೆ ಭುಜದ ಒಂದು ಸ್ನಾಯುವಿನ ತುದಿ ಹರಿದಿದೆ ಅಂತ. ಆದರೆ ಮೂವರಿಗೂ ಸರಿಹೋದ ದಾರಿ ಬೇರೆ ಬೇರೆ. ನಾನು ಡಾಕ್ಟರಲ್ಲ. ಆದರೆ ಆ ವರ್ಷ ಆಸ್ಪತ್ರೆ ಬೆಂಚುಗಳ ಮೇಲೆ ಕೂತು ಓದಿದ್ದು, ಕೇಳಿದ್ದು, ಅನುಭವಿಸಿದ್ದು ಸುಮಾರಿದೆ. ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಓಡಾಟ ಉಳಿಯುತ್ತಿತ್ತು ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹರಿದಿರುವುದು ಏನು?

ನಮ್ಮ ಕಡೆ ಭುಜ ನೋವು ಅಂದರೆ "ನರ ಎಳೆದಿದೆ" ಅಂತಾರೆ. ನರಕ್ಕೂ ಇದಕ್ಕೂ ಸಂಬಂಧ ಇಲ್ಲ. ಭುಜದ ಕೀಲು ಒಂದು ಲಿಂಬೆಹಣ್ಣನ್ನು ಬಾಟಲಿ ಮುಚ್ಚಳದ ಮೇಲೆ ಇಟ್ಟ ಹಾಗೆ. ಚೆಂಡು ದೊಡ್ಡದು, ಬಟ್ಟಲು ಚಿಕ್ಕದು. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತೆ, ಅದಕ್ಕೇ ಸುಲಭವಾಗಿ ಜಾರಲೂಬಹುದು. ಹಾಗೆ ಜಾರದಂತೆ ನಾಲ್ಕು ಸ್ನಾಯುಗಳ ತುದಿಗಳು (ಟೆಂಡನ್ ಅಂತಾರೆ) ಬೆರಳುಗಳ ಹಾಗೆ ಚೆಂಡನ್ನು ಸುತ್ತ ಹಿಡಿದುಕೊಂಡಿವೆ. ಸುಪ್ರಾಸ್ಪೈನೇಟಸ್ ಮೇಲಿನಿಂದ, ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್ ಹಿಂದಿನಿಂದ, ಸಬ್‌ಸ್ಕ್ಯಾಪ್ಯುಲಾರಿಸ್ ಮುಂದಿನಿಂದ. ಈ ನಾಲ್ಕೂ ಸೇರಿದ್ದೇ ರೊಟೇಟರ್ ಕಫ್. ಜಾಸ್ತಿ ಹರಿಯುವುದು ಮೇಲಿನದು.

ಹರಿಯುವುದು ಅಂದರೆ ಹಗ್ಗ ಪಟ್ ಅಂತ ತುಂಡಾದ ಹಾಗೆ ಅಂತಲೇ ಎಲ್ಲರ ಕಲ್ಪನೆ. ಕೆಲವರಿಗೆ ಹಾಗೇ ಆಗುತ್ತೆ. ಆದರೆ ನಲವತ್ತೈದು, ಐವತ್ತು ದಾಟಿದ ಹೆಚ್ಚಿನವರಿಗೆ ಅದು ಹಳೇ ಪಂಚೆ ಮಡಿಕೆಯಲ್ಲಿ ಸವೆದು ಪಿಸಿದ ಹಾಗೆ, ನಿಧಾನ. ವಯಸ್ಸಾದ ಹಾಗೆ ಇದು ಎಷ್ಟು ಸಾಮಾನ್ಯ ಅಂದರೆ, ಜಪಾನಿನ ಒಂದು ಹಳ್ಳಿಯಲ್ಲಿ ಊರಿನವರ ಭುಜಗಳನ್ನು ಸ್ಕ್ಯಾನ್ ಮಾಡಿದಾಗ, ಹರಿದಿದ್ದೂ ನೋವಿಲ್ಲದವರ ಸಂಖ್ಯೆ ನೋವಿರುವವರ ಎರಡರಷ್ಟಿತ್ತು! ಹಾಗಾಗಿ ರಿಪೋರ್ಟಿನಲ್ಲಿ "ಟೇರ್" ಅನ್ನುವ ಪದ ನೋಡಿದ ತಕ್ಷಣ ಎದೆ ಒಡೆದುಕೊಳ್ಳಬೇಡಿ. ನಾನು ಒಡೆದುಕೊಂಡಿದ್ದೆ, ಎರಡು ರಾತ್ರಿ ನಿದ್ದೆ ಹೋಯಿತು. ನೋವಿಗಲ್ಲ, ಹೆದರಿಕೆಗೆ.

ಮೊದಲು ಇದು ಅದೇನಾ ಅಂತ ನೋಡಿ

ಕಫ್ ನೋವು ಸಾಮಾನ್ಯವಾಗಿ ತೋಳಿನ ಹೊರಬದಿಯಲ್ಲಿ, ಇಂಜೆಕ್ಷನ್ ಚುಚ್ಚುವ ಜಾಗದಲ್ಲಿ ಕೂತಿರುತ್ತೆ. ಕೈಯನ್ನು ಪಕ್ಕಕ್ಕೆ ಎತ್ತುವಾಗ ನಡುವೆ, ಸುಮಾರು 60ರಿಂದ 120 ಡಿಗ್ರಿಯೊಳಗೆ ಕುಟುಕುತ್ತೆ, ಮೇಲೆ ಹೋದ ಮೇಲೆ ಕಡಿಮೆಯಾಗುತ್ತೆ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಬೆನ್ನಿಗೆ ಸೋಪು ಹಚ್ಚುವುದು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದು, ಕಾರಿನ ಹಿಂದಿನ ಸೀಟಿನಿಂದ ಚೀಲ ಎಳೆದುಕೊಳ್ಳುವುದು, ಇವು ಮೂರೂ ಪರೀಕ್ಷೆಯೇ.

ಇದನ್ನು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಫ್ರೋಜನ್ ಶೋಲ್ಡರ್, ಅಂದರೆ ಕೀಲೇ ಬಿಗಿದುಕೊಳ್ಳುವ ಕಾಯಿಲೆ ಜೊತೆ. ವ್ಯತ್ಯಾಸ ಸುಲಭ. ನಿಮ್ಮ ಕೈಯನ್ನು ಬೇರೆಯವರು ಹಿಡಿದು ಎತ್ತಲಿ. ನೀವಾಗಿ ಎತ್ತಲಾಗದ ಕೈ ಅವರು ಎತ್ತಿದರೆ ಮೇಲೆ ಹೋಗುತ್ತಾ? ಹಾಗಾದರೆ ಕಫ್ ಇರಬಹುದು. ಯಾರು ಎತ್ತಿದರೂ ಹೋಗುತ್ತಿಲ್ಲ, ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ಮುಂಗೈಯನ್ನು ಹೊರಗೆ ತಿರುಗಿಸಲೂ ಆಗುತ್ತಿಲ್ಲ ಅಂದರೆ ಅದು ಫ್ರೋಜನ್ ಕಡೆಗೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಜಾಸ್ತಿ. ನೋವು ಮೊಣಕೈ ದಾಟಿ ಬೆರಳಿನವರೆಗೆ ಇಳಿದು ಜೋಮು ಹಿಡಿಯುತ್ತಿದ್ದರೆ ಕತ್ತನ್ನು ತೋರಿಸಿ. ಎಡ ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಈ ಬರಹ ಇಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಡಿ.

ಸ್ಕ್ಯಾನ್ ವಿಷಯ ಎರಡೇ ಮಾತು. ಎಕ್ಸ್‌ರೇಯಲ್ಲಿ ಕಫ್ ಕಾಣುವುದಿಲ್ಲ, ಆದರೆ ಮೂಳೆ ಸವೆತ, ಸುಣ್ಣ ಕಟ್ಟಿದ್ದು, ಚೆಂಡು ಮೇಲೆ ಸರಿದದ್ದು ಕಾಣುತ್ತೆ. ಪೂರ್ತಿ ಹರಿದದ್ದನ್ನು ಕಂಡುಹಿಡಿಯಲು ಪಳಗಿದವರ ಕೈಯಲ್ಲಿ ಅಲ್ಟ್ರಾಸೌಂಡ್ ಸಾಕು, ದುಡ್ಡೂ ಕಡಿಮೆ. ಎಂಆರ್‌ಐ ಬೇಕಾಗುವುದು ಮುಖ್ಯವಾಗಿ ಆಪರೇಷನ್ ಮಾತು ಬಂದಾಗ.

ಎದುರಿಗಿರುವ ದಾರಿಗಳು

*ಎಣ್ಣೆ, ಮಾತ್ರೆ, ವಿಶ್ರಾಂತಿ.* ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಒಂದೆರಡು ವಾರ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತುವ ಕೆಲಸ ಬಿಡುವುದು ಒಳ್ಳೆಯದೇ. ಆದರೆ ಕೈಯನ್ನು ಪೂರ್ತಿ ಕಟ್ಟಿ ಕೂರಬೇಡಿ, ಕೀಲು ಬಿಗಿದುಕೊಳ್ಳುತ್ತೆ. ನೋವಿನ ಮಾತ್ರೆಗಳು ನಿದ್ದೆ ಬರಿಸುತ್ತವೆ, ಹರಿದದ್ದನ್ನು ಕೂಡಿಸುವುದಿಲ್ಲ. ಕಿಡ್ನಿ, ಬಿಪಿ, ಹೊಟ್ಟೆ ಹುಣ್ಣು ಇದ್ದವರು ಡೈಕ್ಲೋಫಿನಾಕ್ ಥರದ್ದನ್ನು ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತಗೊಂಡು ತಿಂಗಳುಗಟ್ಟಲೆ ನುಂಗಬಾರದು. ಬಿಸಿ ಎಣ್ಣೆ ಹಚ್ಚಿ ಮೃದುವಾಗಿ ನೀವಿದರೆ ಹಿತ, ನಾನೂ ಹಚ್ಚಿಸಿಕೊಂಡೆ. ಆದರೆ "ಉಳುಕು ತೆಗೀತೀನಿ" ಅಂತ ಕೈ ಹಿಡಿದು ಜಗ್ಗುವವರ ಹತ್ತಿರ ಹೋಗಬೇಡಿ. ಪಕ್ಕದ ತೋಟದವರು ಹೋಗಿದ್ದರು. ಆ ಕಥೆ ಮುಂದೆ ಬರುತ್ತೆ.

*ವ್ಯಾಯಾಮ.* ನಂಬಿಕೆ ಬಾರದ ಚಿಕಿತ್ಸೆ ಇದು. ಹರಿದ ಬಟ್ಟೆಗೆ ಕಸರತ್ತು ಮಾಡಿಸಿದರೆ ಏನು ಬಂತು ಅಂತ ನಾನೂ ಕೇಳಿದ್ದೆ. ಫಿಸಿಯೋ ಹುಡುಗಿ ನಕ್ಕು, "ಅಂಕಲ್, ನಾಲ್ಕು ಜನ ಹೊರುತ್ತಿದ್ದ ಪಲ್ಲಕ್ಕಿ. ಒಬ್ಬನಿಗೆ ಸೊಂಟ ಹಿಡೀತು ಅಂದ್ರೆ ಉಳಿದ ಮೂವರನ್ನ ಗಟ್ಟಿ ಮಾಡ್ಬೇಕು ಅಲ್ವಾ" ಅಂದಳು. ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ವಿವರಿಸಿಲ್ಲ.

ಲೆಕ್ಕವೂ ಅವಳ ಕಡೆಗೇ ಇದೆ. ಅಮೆರಿಕದಲ್ಲಿ ಬೀಳದೆ, ಏಟು ಬೀಳದೆ ತಾನಾಗಿ ಪೂರ್ತಿ ಹರಿದ 452 ಜನರನ್ನು ಮೊದಲು ವ್ಯಾಯಾಮಕ್ಕೆ ಹಾಕಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ವರ್ಷದಲ್ಲಿ ಆಪರೇಷನ್‌ಗೆ ಹೋದವರು ಸುಮಾರು ನಾಲ್ಕರಲ್ಲಿ ಒಬ್ಬರು ಮಾತ್ರ. ಹೋದವರಲ್ಲೂ ಹೆಚ್ಚಿನವರು ಮೊದಲ 12 ವಾರದೊಳಗೇ ಹೋದರು. ಅಂದರೆ ಮೂರು ತಿಂಗಳು ನಿಯತ್ತಾಗಿ ಮಾಡಿದರೆ ನಿಮಗೆ ಇದು ಸಾಕಾ ಬೇಡವಾ ಅನ್ನುವುದು ಬಹುಮಟ್ಟಿಗೆ ಗೊತ್ತಾಗಿಬಿಡುತ್ತೆ.

ನಾನು ಮಾಡಿದ್ದು ಇಷ್ಟು. ಮೊದಲ ಎರಡು ವಾರ ಮೇಜಿನ ಮೇಲೆ ಎಡಗೈ ಊರಿ ಬಗ್ಗಿ, ಬಲಗೈಯನ್ನು ಬಾವಿ ಹಗ್ಗದ ಹಾಗೆ ಇಳಿಬಿಟ್ಟು ತೂಗುವುದು. ಆಮೇಲೆ ಗೋಡೆಗೆ ಎದುರು ನಿಂತು ಬೆರಳುಗಳನ್ನು ಇರುವೆ ಹತ್ತುವ ಹಾಗೆ ಮೇಲೆ ಹತ್ತಿಸುವುದು. ಗೋಡೆ ಮೇಲೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿದ್ದೆ, ಈಗಲೂ ಇದೆ, ಹೆಂಡತಿ ಬಣ್ಣ ಹೊಡೆಸಬೇಕು ಅಂತ ಬೈಯುತ್ತಾಳೆ. ಆಮೇಲೆ ಮುಖ್ಯವಾದದ್ದು: ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಗೆ ಎಳೆಯುವುದು. ಟವೆಲ್ ಬಿದ್ದರೆ ತಪ್ಪು ಮಾಡುತ್ತಿದ್ದೀರಿ ಅಂತ ಅರ್ಥ. ಹತ್ತು ಹದಿನೈದು ಸಲ, ಮೂರು ಸುತ್ತು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮಾರನೇ ಬೆಳಿಗ್ಗೆಗೂ ಉಳಿದಿದ್ದರೆ ಹಿಂದಿನ ದಿನ ಜಾಸ್ತಿ ಆಯಿತು ಅಂತ.

ದಿನಾ ಫಿಸಿಯೋ ಹತ್ತಿರ ಹೋಗಲೇಬೇಕಾ? ಇಂಗ್ಲೆಂಡಿನ 2021ರ ಒಂದು ದೊಡ್ಡ ಪರೀಕ್ಷೆಯಲ್ಲಿ 708 ಜನರಿದ್ದರು. ಒಂದೇ ಸಲ ಸರಿಯಾಗಿ ಕೂರಿಸಿ ಹೇಳಿಕೊಟ್ಟು ಮನೆಯಲ್ಲಿ ಮಾಡಿ ಅಂದ ಗುಂಪಿಗೂ, ಮತ್ತೆಮತ್ತೆ ಕರೆಸಿ ಹಂತಹಂತವಾಗಿ ಮಾಡಿಸಿದ ಗುಂಪಿಗೂ ವರ್ಷದ ಕೊನೆಗೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆಪರೇಷನ್ ಬೇಕಾಗುವಷ್ಟು ಪೂರ್ತಿ ಹರಿದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ, ಅದು ನೆನಪಿರಲಿ. ಆದರೂ ಪೇಟೆಗೆ ಮೂವತ್ತು ಕಿಲೋಮೀಟರ್ ಇರುವ ನಮ್ಮಂಥವರಿಗೆ ಇದು ಸಮಾಧಾನದ ಸುದ್ದಿ. ನಾನು ಮೂರು ತಿಂಗಳಲ್ಲಿ ಐದು ಸಲ ಹೋದೆ. ಯಂತ್ರ ಇಟ್ಟು ಕಾಯಿಸುವುದು, ಕರೆಂಟ್ ಕೊಡುವುದಷ್ಟೇ ನಡೆಯುವ, ಕೈಗೆ ಕೆಲಸ ಕೊಡದ ಕಡೆ ಪ್ಯಾಕೇಜ್ ಕಟ್ಟಬೇಡಿ.

*ಸ್ಟೀರಾಯ್ಡ್ ಇಂಜೆಕ್ಷನ್.* ಇದು ಸಾಲ ತಂದ ದುಡ್ಡಿನ ಹಾಗೆ. ತಕ್ಷಣದ ಕಷ್ಟ ಕಳೆಯುತ್ತೆ. ಮೇಲೆ ಹೇಳಿದ ಅದೇ ಇಂಗ್ಲೆಂಡಿನ ಪರೀಕ್ಷೆಯಲ್ಲಿ ಇಂಜೆಕ್ಷನ್ ತಗೊಂಡವರು ಎಂಟು ವಾರದ ಹೊತ್ತಿಗೆ ಉಳಿದವರಿಗಿಂತ ಸ್ವಲ್ಪ ಆರಾಮಾಗಿದ್ದರು, ವರ್ಷದ ಕೊನೆಗೆ ಎಲ್ಲರೂ ಒಂದೇ. ಹಾಗಂತ ಬೇಡವೇ ಬೇಡ ಅನ್ನುವುದಿಲ್ಲ. ರಾತ್ರಿ ನಿದ್ದೆಯೇ ಇಲ್ಲ, ನೋವಿಗೆ ವ್ಯಾಯಾಮವೇ ಮಾಡಲಾಗುತ್ತಿಲ್ಲ ಅನ್ನುವಾಗ ಒಂದು ಇಂಜೆಕ್ಷನ್ ಬಾಗಿಲು ತೆಗೆದುಕೊಡುತ್ತೆ. ಒಳಗೆ ನಡೆಯಬೇಕಾದವರು ನೀವೇ. ನೋವು ಹೋಯಿತು ಅಂತ ವ್ಯಾಯಾಮ ಬಿಟ್ಟು ಮತ್ತೆ ದೋಟಿ ಹಿಡಿದರೆ ಅದು ವೇಸ್ಟ್. ಪದೇ ಪದೇ ಹಾಕಿಸಿಕೊಂಡರೆ ಟೆಂಡನ್ ಇನ್ನೂ ದುರ್ಬಲ ಆಗುತ್ತೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರುತ್ತೆ, ಮನೆಯಲ್ಲಿ ಚೆಕ್ ಮಾಡುತ್ತಿರಿ. ಮತ್ತೆ, ಆಪರೇಷನ್ ಮಾಡಿಸುವುದು ಬಹುತೇಕ ಖಾತ್ರಿ ಆಗಿದ್ದರೆ ಅದಕ್ಕೆ ಹತ್ತಿರದಲ್ಲಿ ಇಂಜೆಕ್ಷನ್ ಬೇಡ, ಸೋಂಕಿನ ಅಪಾಯ ಜಾಸ್ತಿ.

*ಪಿಆರ್‌ಪಿ.* ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಚುಚ್ಚುವುದು. ಪರೀಕ್ಷೆಗಳ ಫಲಿತಾಂಶ ಒಂದು ಈ ಕಡೆ, ಒಂದು ಆ ಕಡೆ. ಬೆಲೆ ಮಾತ್ರ ಒಂದೇ ಕಡೆ. ನಾನು ಮಾಡಿಸಲಿಲ್ಲ.

*ಮೂಳೆ ಕೆರೆಯುವ ಆಪರೇಷನ್.* ಭುಜದ ಮೇಲಿನ ಮೂಳೆ ಟೆಂಡನ್ನಿಗೆ ಒತ್ತುತ್ತಿದೆ, ಅದನ್ನು ಕೆರೆದು ಜಾಗ ಮಾಡುತ್ತೇವೆ ಅನ್ನುವುದು. ಕೇಳಲು ಸರಿ ಅನಿಸುತ್ತೆ. ಆದರೆ 2018ರಲ್ಲಿ ಇಂಗ್ಲೆಂಡ್ ಮತ್ತು ಫಿನ್‌ಲ್ಯಾಂಡ್ ಎರಡೂ ಕಡೆ, ಕೆಲವರಿಗೆ ಒಳಗೆ ಕ್ಯಾಮೆರಾ ಮಾತ್ರ ಹಾಕಿ ಏನೂ ಕೆರೆಯದೆ ಹೊಲಿದು ಕಳಿಸಿ ಹೋಲಿಸಿ ನೋಡಿದರು. ಕೆರೆಸಿಕೊಂಡವರಿಗೆ ಲೆಕ್ಕಕ್ಕೆ ಬರುವಷ್ಟು ಹೆಚ್ಚಿನ ಲಾಭ ಆಗಿರಲಿಲ್ಲ. ಕಫ್ ಹರಿದಿಲ್ಲ, ಬರೀ ಒತ್ತುತ್ತಿದೆ, ಕೆರೆಯೋಣ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

*ಹರಿದದ್ದನ್ನು ಹೊಲಿಯುವ ಆಪರೇಷನ್.* ಮೂಳೆಗೆ ಆ್ಯಂಕರ್ ಅಂತ ಚಿಕ್ಕ ಗೂಟ ಬಡಿದು, ಅದರ ದಾರದಿಂದ ಟೆಂಡನ್ ತುದಿಯನ್ನು ಎಳೆದು ಕಟ್ಟುವುದು. ಸಣ್ಣ ತೂತುಗಳ ಮೂಲಕವೂ ಮಾಡುತ್ತಾರೆ, ತೆರೆದೂ ಮಾಡುತ್ತಾರೆ. ಎರಡು ವರ್ಷದ ನಂತರ ಎರಡರ ಫಲಿತಾಂಶವೂ ಒಂದೇ ಅಂತ ಬ್ರಿಟನ್ನಿನ ಒಂದು ಪರೀಕ್ಷೆ ತೋರಿಸಿದೆ. ಅದೇ ಪರೀಕ್ಷೆಯಲ್ಲಿ ಐವತ್ತು ದಾಟಿದವರಲ್ಲಿ ಸುಮಾರು ಹತ್ತರಲ್ಲಿ ನಾಲ್ವರಿಗೆ ಹೊಲಿಗೆ ಹಾಕಿದ್ದು ವರ್ಷದೊಳಗೆ ಕೂಡಿರಲಿಲ್ಲ ಅಥವಾ ಮತ್ತೆ ಬಿಟ್ಟಿತ್ತು. ತಮಾಷೆ ಅಂದರೆ ಅವರಲ್ಲೂ ಬಹಳ ಜನಕ್ಕೆ ನೋವು ಮೊದಲಿಗಿಂತ ಕಡಿಮೆಯಾಗಿತ್ತು.

ಹಾಗಾದರೆ ಹೊಲಿಸುವುದರಿಂದ ಲಾಭ ಇಲ್ಲವಾ? ಇದೆ. ನಾರ್ವೆಯಲ್ಲಿ 103 ಜನರನ್ನು ಹತ್ತು ವರ್ಷ ಹಿಂಬಾಲಿಸಿದರು, ಸಣ್ಣ ಮತ್ತು ಮಧ್ಯಮ ಅಳತೆಯಲ್ಲಿ ಹರಿದವರು. ಮೊದಲ ಕೆಲವು ವರ್ಷ ವ್ಯಾಯಾಮಕ್ಕೂ ಹೊಲಿಗೆಗೂ ಅಂತರ ಕಡಿಮೆ ಇತ್ತು. ಹತ್ತನೇ ವರ್ಷಕ್ಕೆ ಹೊಲಿಸಿಕೊಂಡವರು ಮುಂದಿದ್ದರು. ಯಾಕೆಂದರೆ ವ್ಯಾಯಾಮ ಹರಿದದ್ದನ್ನು ಮುಚ್ಚುವುದಿಲ್ಲ, ಅದು ನಿಧಾನವಾಗಿ ದೊಡ್ಡದಾಗಬಹುದು. ಅದೇ ಫಿನ್‌ಲ್ಯಾಂಡಿನ ಒಂದು ಪರೀಕ್ಷೆಯಲ್ಲಿ ಐವತ್ತೈದು ದಾಟಿದವರಿಗೆ, ಏಟಿಲ್ಲದೆ ಹರಿದದ್ದಕ್ಕೆ, ಎರಡು ವರ್ಷದಲ್ಲಿ ಎರಡೂ ಒಂದೇ ಆಗಿತ್ತು. ಹಾಗಾಗಿ "ನಿಮಗೆ ಮುಂದೆ ಎಷ್ಟು ವರ್ಷ ಈ ಕೈಯಿಂದ ಎಂಥ ಕೆಲಸ ಆಗಬೇಕು" ಅನ್ನುವುದೇ ದೊಡ್ಡ ಪ್ರಶ್ನೆ. ನಲವತ್ತೈದರ ಬಡಗಿ ಮತ್ತು ಎಪ್ಪತ್ತರ ನಿವೃತ್ತ ಮೇಷ್ಟ್ರು ಇದಕ್ಕೆ ಒಂದೇ ಉತ್ತರ ಕೊಡಲಾರರು.

ಇಲ್ಲಿ ಕ್ರಿಕೆಟ್ಟಿನ ಮಾತು ಬಂದೇ ಬರುತ್ತೆ. ನಮ್ಮ ಅನಿಲ್ ಕುಂಬ್ಳೆ ಭುಜದ ಆಪರೇಷನ್ ಮಾಡಿಸಿಕೊಂಡು ವಾಪಸ್ ಬಂದು, ಕೊನೆಗೆ ಟೆಸ್ಟಿನಲ್ಲಿ 619 ವಿಕೆಟ್ ತೆಗೆದು ನಿಲ್ಲಿಸಲಿಲ್ಲವಾ, ನಿಮಗೇನು ಅಂತ ಚಾವಡಿಯಲ್ಲಿ ಕೇಳಿದರು. ಸ್ವಾಮಿ, ಅವರಿಗಾಗ ಮೂವತ್ತರ ಆಸುಪಾಸು. ದಿನವಿಡೀ ಆ ಭುಜವನ್ನು ನೋಡಿಕೊಳ್ಳುವುದೇ ಕೆಲಸ. ನನಗೆ ಐವತ್ತೆರಡು, ಬೆಳಿಗ್ಗೆ ಎದ್ದರೆ ಕೊಟ್ಟಿಗೆ.

ಮೂರು ಭುಜ, ಮೂರು ದಾರಿ

ನನ್ನದು ಸವೆದು ಹರಿದದ್ದು. ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ನೋವಿತ್ತು, ಆದರೆ ಕಷ್ಟಪಟ್ಟರೆ ಕೈ ಎತ್ತಬಹುದಿತ್ತು. ಇಂಥವರಿಗೆ ಮೊದಲು ಮೂರು ತಿಂಗಳ ವ್ಯಾಯಾಮ, ಬೇಕಾದರೆ ಒಂದು ಇಂಜೆಕ್ಷನ್. ನನಗೆ ಏಳನೇ ವಾರ ರಾತ್ರಿ ಆ ಮಗ್ಗುಲಿಗೆ ಹೊರಳಿದ್ದು ಬೆಳಿಗ್ಗೆ ಎದ್ದ ಮೇಲೆ ಗೊತ್ತಾಯಿತು. ಮೂರು ತಿಂಗಳಿಗೆ ಗೋಡೆಯ ಗೀಟು ಎಡಗೈಯ ಗೀಟಿಗೆ ನಾಲ್ಕು ಬೆರಳು ಕೆಳಗೆ. ಸದ್ಯಕ್ಕೆ ಆಪರೇಷನ್ ಇಲ್ಲ, ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ ದೊಡ್ಡದಾಗಿದೆಯಾ ನೋಡುವುದು ಅಂತ ಮಾತಾಗಿದೆ.

ಪಕ್ಕದ ತೋಟದವರದು ಬೇರೆಯೇ. ಬೀಳುವವರೆಗೂ ಭುಜ ಚೆನ್ನಾಗಿತ್ತು. ಬಿದ್ದ ಕ್ಷಣದಿಂದ ಕೈ ಪಕ್ಕಕ್ಕೆ ಎತ್ತಲಾಗದು, ಬೇರೆಯವರು ಎತ್ತಿ ಬಿಟ್ಟರೆ ಧೊಪ್ಪನೆ ಬೀಳುತ್ತಿತ್ತು. ಇದು ಕಾಯುವ ಕೇಸಲ್ಲ! ಹೀಗೆ ಏಟಿಗೆ ಹರಿದು ತಕ್ಷಣ ಶಕ್ತಿ ಹೋದರೆ ವಾರಗಳ ಲೆಕ್ಕದಲ್ಲಿ ಸರ್ಜನ್ ಹತ್ತಿರ ಹೋಗಬೇಕು. ತಡ ಮಾಡಿದರೆ ತುದಿ ಒಳಗೆ ಎಳೆದುಕೊಳ್ಳುತ್ತೆ, ಸ್ನಾಯುವಿನ ಮಾಂಸ ಕರಗಿ ಕೊಬ್ಬು ತುಂಬಿಕೊಳ್ಳುತ್ತೆ, ಆ ಕೊಬ್ಬು ಮತ್ತೆ ಮಾಂಸ ಆಗುವುದಿಲ್ಲ. ಅವರು ಮೊದಲು ಎಕ್ಸ್‌ರೇ ತೆಗೆಸಿದರು. "ಮೂಳೆ ಮುರಿದಿಲ್ಲ, ಏನಿಲ್ಲ" ಅಂತ ಒಂದು ಕಡೆ ಕಳಿಸಿಬಿಟ್ಟರು. ಇನ್ನೊಂದು ಕಡೆ ಉಳುಕು ತೆಗೆಸಿ, ಬಿಗಿಯಾಗಿ ಪಟ್ಟು ಕಟ್ಟಿಸಿಕೊಂಡರು. ಹೀಗೆ ಏಳು ವಾರ ಹೋಯಿತು. ಕೊನೆಗೆ ಎಂಆರ್‌ಐಯಲ್ಲಿ ಮೂರೂವರೆ ಸೆಂಟಿಮೀಟರ್. ಹೊಲಿಗೆ ಆಯಿತು, ಈಗ ಕೈ ಮೇಲೆ ಹೋಗುತ್ತೆ. "ಆ ಏಳು ವಾರ ಸುಮ್ನೆ ಕಳೆದೆ ಮಾರಾಯ" ಅಂತ ಇವತ್ತಿಗೂ ಹೇಳುತ್ತಾರೆ. ನಲವತ್ತು ದಾಟಿದವರ ಭುಜ ತಪ್ಪಿ, ಕೂರಿಸಿದ ಮೇಲೂ ಕೈ ಎತ್ತಲಾಗದಿದ್ದರೂ ಇದೇ ಅನುಮಾನ ಪಡಬೇಕು.

ಅಮ್ಮನದು ಐದು ಸೆಂಟಿಮೀಟರ್ ದಾಟಿ ಎಂದೋ ಹರಿದದ್ದು. ಕೊಬ್ಬು ತುಂಬಿದೆ, ಚೆಂಡು ಮೇಲೆ ಸರಿದಿದೆ. ಅದನ್ನು ಹೊಲಿಯಲು ಹೋದರೆ ಹಳೇ ಗೋಣಿಗೆ ಹೊಸ ದಾರ ಹಾಕಿದ ಹಾಗೆ. ಇಂಥ ಭುಜಕ್ಕೆ ಇನ್ನೊಂದು ಆಪರೇಷನ್ ಇದೆ, ರಿವರ್ಸ್ ಶೋಲ್ಡರ್ ರಿಪ್ಲೇಸ್‌ಮೆಂಟ್. ಫ್ರಾನ್ಸಿನ ಪಾಲ್ ಗ್ರಾಮೋಂ ಅನ್ನುವ ಸರ್ಜನ್ 1985ರ ಹೊತ್ತಿಗೆ ರೂಪಿಸಿದ್ದು. ಚೆಂಡು ಇದ್ದ ಜಾಗಕ್ಕೆ ಬಟ್ಟಲು, ಬಟ್ಟಲಿದ್ದ ಜಾಗಕ್ಕೆ ಚೆಂಡು. ಹಾಗೆ ತಿರುವು ಮುರುವು ಮಾಡಿದರೆ ಕಫ್ ಇಲ್ಲದಿದ್ದರೂ ಹೊರಗಿನ ಡೆಲ್ಟಾಯ್ಡ್ ಸ್ನಾಯುವೇ ಕೈ ಎತ್ತುತ್ತೆ. ಕೈ ಎತ್ತಲೇ ಆಗದೆ, ನೋವೂ ಜೋರಾಗಿರುವ ವಯಸ್ಸಾದವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಅಮ್ಮನಿಗೆ ನೋವು ಅಷ್ಟಿಲ್ಲ. "ಜಡೆ ಹಾಕಿಕೊಳ್ಳಲು ಸೊಸೆ ಇದ್ದಾಳೆ, ಕಾಯಿ ತುರಿಯಲು ಬಲಗೈ ಇದೆ, ನನ್ನನ್ನು ಕೊಯ್ಯಬೇಡಿ" ಅಂದರು. ಡಾಕ್ಟರೂ ಒತ್ತಾಯ ಮಾಡಲಿಲ್ಲ. ಮಲಗಿ ಕೈ ಎತ್ತುವ ವ್ಯಾಯಾಮ ಹೇಳಿಕೊಟ್ಟರು. ಮೇಲಿನ ಶೆಲ್ಫಿನ ಡಬ್ಬಿಗಳನ್ನೆಲ್ಲ ನಾವು ಕೆಳಗಿಳಿಸಿದೆವು.

ಆಪರೇಷನ್‌ಗೆ ಒಪ್ಪುವ ಮುಂಚೆ

ಹೊಲಿಗೆ ಹಾಕಿಸಿಕೊಂಡರೆ ನಾಲ್ಕರಿಂದ ಆರು ವಾರ ಕೈ ಸ್ಲಿಂಗಿನಲ್ಲಿ. ಆಮೇಲೆ ತಾನಾಗಿ ಎತ್ತುವುದು, ಸುಮಾರು ಮೂರು ತಿಂಗಳ ನಂತರವಷ್ಟೇ ಭಾರದ ವ್ಯಾಯಾಮ, ತಲೆ ಮೇಲಿನ ಭಾರೀ ಕೆಲಸಕ್ಕೆ ಆರು ತಿಂಗಳಾದರೂ ಬೇಕು, ಪೂರ್ತಿ ಸುಧಾರಿಸಲು ವರ್ಷ. ಅಂದರೆ ಆಪರೇಷನ್ ಮಾಡಿಸಿದರೂ ವ್ಯಾಯಾಮ ತಪ್ಪುವುದಿಲ್ಲ, ಇನ್ನೂ ಜಾಸ್ತಿ. ಬೀಡಿ ಸಿಗರೇಟು ಸೇದುವವರಿಗೆ, ಶುಗರ್ ಹಿಡಿತದಲ್ಲಿ ಇಲ್ಲದವರಿಗೆ ಹೊಲಿಗೆ ಕೂಡುವುದು ನಿಧಾನ.

ಡಾಕ್ಟರನ್ನು ಇಷ್ಟು ಕೇಳಿ, ಬರೆದುಕೊಂಡೇ ಹೋಗಿ. ಹರಿದಿರುವುದು ಎಷ್ಟು ಸೆಂಟಿಮೀಟರ್, ಪೂರ್ತಿಯಾ ಅರ್ಧವಾ? ಸ್ನಾಯುವಿನಲ್ಲಿ ಕೊಬ್ಬು ಎಷ್ಟು ಸೇರಿದೆ? ನನ್ನ ವಯಸ್ಸಿಗೆ, ಈ ಅಳತೆಗೆ ಹೊಲಿದದ್ದು ಕೂಡುವ ಸಾಧ್ಯತೆ ಎಷ್ಟು? ಮೂರು ತಿಂಗಳು ವ್ಯಾಯಾಮ ಮಾಡಿ ಬಂದರೆ ನಷ್ಟ ಏನಾದರೂ ಇದೆಯಾ? ಎಷ್ಟು ಆ್ಯಂಕರ್ ಬೇಕಾಗಬಹುದು? ಬಿಲ್ಲು ಏರುವುದು ಬಹಳಷ್ಟು ಅಲ್ಲೇ, ಅದಕ್ಕೆ ಅಂದಾಜನ್ನು ಮೊದಲೇ ಬರೆಸಿಕೊಳ್ಳಿ. ಇನ್ಶೂರೆನ್ಸ್ ಅಥವಾ ಸರ್ಕಾರದ ಆರೋಗ್ಯ ಕಾರ್ಡ್ ಇದ್ದರೆ ಆ್ಯಂಕರ್ ಅದರೊಳಗೆ ಬರುತ್ತಾ ಅಂತಲೂ ಕೇಳಿ.

ತೋಟದವರಾದರೆ ತಿಂಗಳು ನೋಡಿಕೊಳ್ಳಿ. ಬಿದ್ದು ಹರಿದದ್ದಾದರೆ ಈ ಲೆಕ್ಕ ಹಾಕುತ್ತ ಕೂರಬೇಡಿ. ಆದರೆ ಸವೆದು ಹರಿದದ್ದು, ವ್ಯಾಯಾಮವೂ ಕೈಕೊಟ್ಟಿತು, ಹೊಲಿಸಲೇಬೇಕು ಅಂತಾದರೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಮಾಡಿಸುವುದು ನಮ್ಮ ಕಡೆಯ ರೂಢಿ. ಜೂನ್ ಮೊದಲ ಔಷಧಿಗೆ ಆಗ ನಾಲ್ಕೇ ತಿಂಗಳಾಗಿರುತ್ತೆ. ಆ ವರ್ಷ ದೋಟಿ ಹಿಡಿಯಲು ಆಳನ್ನು ಈಗಲೇ ಹೇಳಿಟ್ಟುಕೊಳ್ಳಿ, ಸ್ಲಿಂಗಿನ ಆರು ವಾರ ಹಾಲು ಕರೆಯುವವರು ಯಾರು ಅಂತಲೂ.